ಮಾರ್ಜಿನ್ ಬಟ್ಟೆ

ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಒಂದೂವರೆ ವರ್ಷ ನಡೆದೂ ನಡೆದೂ ನಾನು 22 ಕೆಜಿ ಇಳಿಸಿದೆ. ಕೊಬ್ಬು ಹೋಯಿತು, ಅದರ ಚೀಲ ಮಾತ್ರ ಇಲ್ಲೇ ಉಳಿಯಿತು. ಯಾರಿಗಾದರೂ ಟಾಟಾ ಮಾಡಿ ಕೈ ಇಳಿಸಿದರೂ ತೋಳಿನ ಕೆಳಗಿನದು ಇನ್ನೂ ಸ್ವಲ್ಪ ಹೊತ್ತು ಟಾಟಾ ಮಾಡುತ್ತಿರುತ್ತದೆ.

ಮೊನ್ನೆ ಕಲ್ಲುಬೆಂಚಿನ ಮೇಲೆ ಕೂತು ಈ ಗೋಳು ತೋಡಿಕೊಂಡೆ. ಪದ್ಮಕ್ಕ ಬ್ಲೌಸ್ ಹೊಲಿಯುವವರು. ನನ್ನ ತೋಳನ್ನು ಎರಡು ಬೆರಳಲ್ಲಿ ಎಳೆದು ನೋಡಿ, "ಒಂದಿಂಚು ಹಿಡಿಯಬೇಕು ಕಣೇ," ಎಂದರು.

"ಅಕ್ಕಾ, ಅದು ಚರ್ಮ!"

"ಇರಲಿ ಬಿಡು. ನಾನು ಬ್ಲೌಸ್ ಒಳಗೆ ಮಾರ್ಜಿನ್ ಬಿಡಲ್ವಾ? ದೇವರೂ ಬಿಟ್ಟಿದ್ದಾನೆ. ನೀನು ಮತ್ತೆ ಊದಿಕೊಳ್ತೀಯ ಅಂತ ಅವನಿಗೆ ಗೊತ್ತು."

ಸುಧಾ ನಕ್ಕು ನಕ್ಕು ಕೆಮ್ಮಿದಳು. ಅವಳು ಚರ್ಮದ ಡಾಕ್ಟರ ಹತ್ತಿರ ನರ್ಸ್. ಚರ್ಮದೊಳಗೆ ಕೊಲಾಜೆನ್, ಎಲಾಸ್ಟಿನ್ ಅಂತ ಎರಡು ನಾರು ಇವೆಯಂತೆ. ಒಂದು ಗಟ್ಟಿತನ ಕೊಡುತ್ತದೆ, ಇನ್ನೊಂದು ಎಳೆದರೆ ವಾಪಸ್ ಬರುತ್ತದೆ. ವರ್ಷಗಟ್ಟಲೆ ಹಿಗ್ಗಿಸಿಟ್ಟರೆ ಎರಡೂ ಸೋಲುತ್ತವೆ. "20ರಲ್ಲಿ ಇಳಿಸಿದ್ದರೆ ಒಳ್ಳೇದಿತ್ತು. ನೀನು 50ಕ್ಕೆ ಎಚ್ಚೆತ್ತೆ."

"ಹೊಟ್ಟೆ ಮೇಲಿನ ಗೆರೆಗಳು?"

"ಚರ್ಮದ ಒಳಪದರ ಹರಿದು ಮಾಗಿದ ಗಾಯ ಅದು. ಮೊದಲು ಕೆಂಪಗೆ, ನೇರಳೆಯಾಗಿ ಇರುತ್ತೆ. ಆಮೇಲೆ ಬೆಳ್ಳಿ ಬಣ್ಣ. ಬೆಳ್ಳಿಗೆ ತಿರುಗಿದ ಮೇಲೆ ಯಾವ ಕ್ರೀಮ್ ಹಚ್ಚಿದರೂ ಪೂರ್ತಿ ಅಳಿಸಲ್ಲ."

ಮನೆಯ ಬೀರುವಿನಲ್ಲಿದ್ದ 900 ರೂಪಾಯಿಯ ಡಬ್ಬಿಯ ಬಗ್ಗೆ ನಾನು ಬಾಯಿ ಬಿಡಲಿಲ್ಲ.

"ಬೆಳ್ಳೀನಾ? ಗಿರವಿ ಇಡಬಹುದಾ ನೋಡು," ಎಂದರು ಪದ್ಮಕ್ಕ.

ಜೋಲುವ ಚರ್ಮಕ್ಕೆ ಆಪರೇಷನ್ ಇದೆಯಂತೆ. ತೂಕ ಕೆಲವು ತಿಂಗಳು ಏರದೆ ಇಳಿಯದೆ ನಿಂತಿರಬೇಕು. ಆಮೇಲೆ ಹೆಚ್ಚಿನದನ್ನು ಕತ್ತರಿಸಿ ಹೊಲಿಯುತ್ತಾರೆ. ಹೊಟ್ಟೆಯದಾದರೆ ಈ ಸೊಂಟದಿಂದ ಆ ಸೊಂಟದವರೆಗೆ ಗೆರೆ ಉಳಿಯುತ್ತದೆ.

ಪದ್ಮಕ್ಕನಿಗೆ ಸಿಟ್ಟೇ ಬಂತು. "ಹೊಲಿಗೆ ಕಾಣೋ ಹಾಗೆ ಹೊಲಿಯೋದಾ? ಅಂಥವರ ಹತ್ರ ನಾನು ದಿಂಬಿನ ಕವರನ್ನೂ ಕೊಡಲ್ಲ."

"ಹಾಗಾದ್ರೆ ಡಂಬೆಲ್ ಎತ್ತಲಿ," ಎಂದಳು ಸುಧಾ. "ತೋಳಲ್ಲಿ ಮಾಂಸಖಂಡ ಬೆಳೆದರೆ ಒಳಗಿಂದ ಒಂದಿಷ್ಟು ತುಂಬಿಕೊಳ್ಳುತ್ತೆ. ಪೂರ್ತಿ ಅಲ್ಲ."

"ಲೈನಿಂಗ್ ಕೊಟ್ಟ ಹಾಗೆ! ಮೊದಲೇ ಹೇಳಬಾರದಿತ್ತಾ?"

ಮರುದಿನ ಎರಡೂ ಕೈಯಲ್ಲಿ ಒಂದೊಂದು ಲೀಟರ್ ನೀರಿನ ಬಾಟಲಿ ಹಿಡಿದು, ಎತ್ತಿ ಇಳಿಸುತ್ತಾ ಏರಿಗೆ ಬಂದೆ. ಪದ್ಮಕ್ಕ ಬ್ಯಾಗಿನಿಂದ ಅಳತೆ ಟೇಪು ತೆಗೆದು ಕಾಯುತ್ತಿದ್ದರು.