ತಿರುಗಿದ ಅಚ್ಚಿನ 5 ರೂಪಾಯಿ: ಮಾರಲಾ, ಇಟ್ಕೊಳ್ಳಲಾ? ಅನುಭವ ಹೇಳಿ

ಹಾಸನದ ಹೊಸಬ: ಬಸ್ಸಿನ ಚಿಲ್ಲರೆಯಲ್ಲಿ ಸಿಕ್ಕಿತು. ಪುಸ್ತಕದ ಹಾಳೆ ಮಗುಚಿದ ಹಾಗೆ ತಿರುಗಿಸಿದರೆ ಸಿಂಹ ನೆಟ್ಟಗೆ, 5 ಮಾತ್ರ ಅಡ್ಡ ಮಲಗಿದೆ. ಇಂಥ ತಪ್ಪು ಅಚ್ಚಿನ ನಾಣ್ಯ ಕೂಡಿಸೋರು ಒಬ್ಬರು 800 ಕೊಡ್ತಾರಂತೆ. ಕೊಡಲಾ?

ಕಾಸಿನ ಸಂಚಿ: 800ಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ, ನನ್ನ ಕಥೆ ಕೇಳಿ. 2017ರಲ್ಲಿ ಲಖಿ (ಎರಡೂ ಕಡೆ ಒಂದೇ ಮುಖ ಬಿದ್ದ ತಪ್ಪು ನಾಣ್ಯ) ಅಂತ ಒಂದು 2 ರೂಪಾಯಿ ಕೊಂಡೆ. ನಾಣ್ಯಕ್ಕೆ 6,500, ಬೆಂಗಳೂರಿಗೆ ಹೋಗಿಬರಲು 640, ಮಳೆ ಅಂತ ಆಟೋದವನು ಕಿತ್ತಿದ್ದು 180. ಮುಂದೆ ಸಿಂಹ, ಹಿಂದೆ ಅದೇ ಸಿಂಹ ಕನ್ನಡಿಯಲ್ಲಿ ಕಂಡ ಹಾಗೆ, ತಗ್ಗಾಗಿ. ಮೂರು ರಾತ್ರಿ ದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದೆ. ನಾಲ್ಕನೇ ದಿನ ಲೆನ್ಸ್ ಹಿಡಿದರೆ ತಗ್ಗಿನ ಸಿಂಹದ ಕೆಳಗೆ 2ರ ಬಾಲ ಇಣುಕುತ್ತಿದೆ! ಒಳ್ಳೆ ನಾಣ್ಯದ ಮೇಲೆ ಇನ್ನೊಂದು ಇಟ್ಟು ವೈಸ್‌ನಲ್ಲಿ ಅದುಮಿದ್ದು. ನಿಜವಾದ ಲಖಿಯಲ್ಲಿ ಮೊದಲಿನ ನಾಣ್ಯ ಅಚ್ಚಿಗೇ ಅಂಟಿಕೊಂಡಿರುತ್ತದೆ, ಆ 2 ಬೀಳುವುದೇ ಇಲ್ಲ. ಮಾರಿದವನು ಫೋನ್ ಎತ್ತಲಿಲ್ಲ. ಲೆನ್ಸ್‌ಗೆ ಬೇರೆ 450.

ಮೂಟೆ ಮಾಮ: ಅದಕ್ಕೇ ನಾನು ಒಂದನ್ನೂ ಕೊಂಡಿಲ್ಲ. ಬ್ಯಾಂಕಿನಿಂದ ಚಿಲ್ಲರೆ ಮೂಟೆ ತಂದು ಹುಡುಕುತ್ತೇನೆ. ಆರು ವರ್ಷ. ಸೊಂಟ ಹೋಯಿತು, ಬೆರಳೆಲ್ಲ ಕಪ್ಪು, ಮನೆಯವಳು ಮಾತು ಬಿಟ್ಟಳು. ಸಿಕ್ಕಿದ್ದು ಒಂದೇ: ಟಂಕಸಾಲೆಯಲ್ಲೇ ಅಂಚು ಕಚ್ಚಿದ ಹಾಗೆ ತುಂಡಾದ ಹಳೆ ಸ್ಟೀಲ್ 1 ರೂಪಾಯಿ. 4.85 ಗ್ರಾಂ ಇರಬೇಕಾದ್ದು 4.4 ಇದೆ. ಕಚ್ಚಿದ ಜಾಗದ ಎದುರು ಅಂಚು ಕೂಡ ಸವೆದ ಹಾಗೆ ಮಂಕಾಗಿದೆ. ಅಸಲಿ ಅನ್ನೋದಕ್ಕೆ ಅದೇ ಗುರುತು, ಅರ ಹಾಕಿ ತಿಕ್ಕಿದವರಿಗೆ ಅದು ಬರಲ್ಲ. ದುಡ್ಡು ಕೊಟ್ಟು ತರೋದು ಸಂಗ್ರಹ ಅಲ್ಲ, ಶಾಪಿಂಗ್.

ಕಾಸಿನ ಸಂಚಿ: ಆರು ವರ್ಷಕ್ಕೆ ಒಂದು! ಅದನ್ನು ಸಂಗ್ರಹ ಅನ್ನುತ್ತಾರಾ ಮಾಮ? ಒಂದು ನಾಣ್ಯಕ್ಕೆ ಆಲ್ಬಮ್ ಬೇರೆ ಬೇಕಾ?

ಮೂಟೆ ಮಾಮ: ನನ್ನದು ಒಂದೇ ಆದರೂ ಅಸಲಿ ಕಣಯ್ಯ.

ಮೈಸೂರು ಮೇಡಂ: ಜಗಳ ಆಮೇಲೆ ಆಡಿ. ನನ್ನ ಹತ್ತಿರ ಅಚ್ಚು ಅರ್ಧಕ್ಕರ್ಧ ಸರಿದು ಬಿದ್ದ ದಪ್ಪ 5 ರೂಪಾಯಿ ಇತ್ತು, ಕೋಲ್ಕತ್ತಾದ್ದು. 9,000ಕ್ಕೆ ಕೇಳಿದ್ದರು. ಕೊಡಲಿಲ್ಲ, ಜಂಬ. ದೀಪಾವಳಿಗೆ ಅತ್ತೆ ಲಕ್ಷ್ಮಿ ಅಂತ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ಪೂಜೆಗಿಟ್ಟರು. ಫಳಫಳ ಅಂತಿತ್ತು. ಅದೇ ಮನುಷ್ಯ ಬಂದು, ತಿಕ್ಕಿ ಹಾಳು ಮಾಡಿದ್ದೀರಿ, 1,200 ಅಂದ. ಅತ್ತೆಗೆ ಇವತ್ತಿಗೂ ಹೇಳಿಲ್ಲ. ಆ ಬೇಜಾರಲ್ಲಿ ಇನ್ನೊಂದು ಎಡವಟ್ಟು. ವೈಷ್ಣೋದೇವಿ ಚಿತ್ರದ ನಾಣ್ಯಕ್ಕೆ 10 ಲಕ್ಷ ಅಂತ ಫೋನ್ ಬಂತು, ರಿಸರ್ವ್ ಬ್ಯಾಂಕಿನ ಶುಲ್ಕ ಅಂತ 2,150 ಕಟ್ಟಿಬಿಟ್ಟೆ. ಅಂಥ ಶುಲ್ಕ ನಾವು ಕೇಳಲ್ಲ ಅಂತ ರಿಸರ್ವ್ ಬ್ಯಾಂಕ್ 2021ರಲ್ಲೇ ಹೇಳಿತ್ತಂತೆ. ನಾನು ಓದಿರಲಿಲ್ಲ.

ಮೂಟೆ ಮಾಮ: ಅರ್ಧ ಸರಿದಿದೆ ಅಂತೀರಿ. ಇಸವಿ ಕಾಣುತ್ತಾ?

ಮೈಸೂರು ಮೇಡಂ: ಎರಡು ಅಂಕಿಯ ಮೇಲಿನ ತುದಿ ಮಾತ್ರ.

ಮೂಟೆ ಮಾಮ: ಟಂಕಸಾಲೆ ಗುರುತು ಇಸವಿಯ ಕೆಳಗೆ ಬರುತ್ತೆ. ಮುಂಬೈಗೆ ವಜ್ರ, ಹೈದರಾಬಾದಿಗೆ ನಕ್ಷತ್ರ, ನೋಯ್ಡಾಕ್ಕೆ ಚುಕ್ಕೆ. ಗುರುತಿಲ್ಲದ್ದು ಕೋಲ್ಕತ್ತಾ. ನಿಮ್ಮದರಲ್ಲಿ ಆ ಜಾಗವೇ ಇಲ್ಲ, ಕೋಲ್ಕತ್ತಾ ಹೇಗಾಯಿತು?

ಮೈಸೂರು ಮೇಡಂ: 9,000 ಕೇಳಿದವರು ಹೇಳಿದ್ದು. ಅವರಿಗೆ ನಿಮ್ಮ ಮೂಟೆಗಿಂತ ಜಾಸ್ತಿ ಗೊತ್ತು.

ಹಾಸನದ ಹೊಸಬ: ಸರ್, ನನ್ನದರಲ್ಲಿ ಚುಕ್ಕೆ ಇದೆ...

ಕಾಸಿನ ಸಂಚಿ: ಒಂದ್ನಿಮಿಷ ಇರಪ್ಪ. ಮಾಮ, ಆ 4.4 ಗ್ರಾಂ ತೂಗಿದ್ದು ಯಾವ ತಕ್ಕಡಿಯಲ್ಲಿ? ತರಕಾರಿದಾ?