ಓದುಗರ ಸ್ಪಂದನ: ಕೀಬೋರ್ಡ್ ಬಿಟ್ಟು ಅಡಿಕೆ ಮರ ಹತ್ತಲೇ?

ಕಳೆದ ಸಂಚಿಕೆಯ ಸಮಸ್ಯೆ ನೆನಪಿರಬಹುದು. ಬರೆದವರಿಗೆ 26 ವರ್ಷ, ಶಿರಸಿ ಕಡೆಯವರು. ನಾಲ್ಕು ವರ್ಷದಿಂದ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಅದನ್ನು ಬಿಟ್ಟು ಊರಿಗೆ ಹೋಗಿ ಕೊನೆ (ಅಡಿಕೆಯ ಗೊನೆ) ಕೊಯ್ಯುವುದು, ಔಷಧಿ ಹೊಡೆಯುವುದನ್ನೇ ಕಸುಬು ಮಾಡಿಕೊಳ್ಳಬೇಕೆಂದಿದ್ದಾರೆ. ಸ್ವಂತ ತೋಟ ಅರ್ಧ ಎಕರೆಯೂ ಇಲ್ಲ. ಮದುವೆಗೆ ಹೆಣ್ಣು ಸಿಗುವುದಿಲ್ಲವೆಂದು ತಾಯಿಗೆ ಸುತರಾಂ ಇಷ್ಟವಿಲ್ಲ. ಪ್ರಶ್ನೆ ಇಷ್ಟೇ: ಈಗಲೇ ಬಿಡಲೇ, ಇನ್ನೆರಡು ವರ್ಷ ದುಡ್ಡು ಕೂಡಿಟ್ಟು ಬಿಡಲೇ? ಬಂದ ಪತ್ರಗಳಲ್ಲಿ ಹೆಚ್ಚಿನವು ಈ ಪ್ರಶ್ನೆಗೆ ಉತ್ತರವಲ್ಲ. ಆದರೂ ಎತ್ತಿಡುವಂಥವಲ್ಲ.

ತೀರ್ಥಹಳ್ಳಿಯಿಂದ:

ಮೊದಲು ಅಂಗಳದಂಚಿನ ಮರ ಹತ್ತಿ ಇಳಿಯಿರಿ. ತೊಡೆಯ ಒಳಭಾಗ, ಎದೆ, ಅಂಗಾಲು ನೋಡಿಕೊಳ್ಳಿ. ಮಾರನೇ ದಿನ ಮತ್ತೆ ಹತ್ತಿ. ಮೂರನೇ ದಿನವೂ ಆದರೆ ಆಮೇಲೆ ಪತ್ರ ಬರೆಯಿರಿ. ಕೆಲಸ ಬೇಜಾರಾದವರಿಗೆಲ್ಲ ತೋಟ ನೆನಪಾಗುತ್ತದೆ.

*ಮಾತು ಒರಟಾದರೂ ಪರೀಕ್ಷೆಗೆ ಖರ್ಚಿಲ್ಲ. ಅದನ್ನೇ ಇನ್ನಷ್ಟು ಬಿಡಿಸಿ ಬರೆದವರು ಸಿದ್ದಾಪುರದವರು.*

ಸಿದ್ದಾಪುರದಿಂದ:

ತಮ್ಮಾ, ಎರಡು ವರ್ಷ ಅನ್ನುವ ಲೆಕ್ಕವೇ ತಪ್ಪು. ಈ ಕೆಲಸಕ್ಕೆ ವರ್ಷವಿಲ್ಲ, ಹಂಗಾಮು ಮಾತ್ರ. ಮೊದಲ ಔಷಧಿ ಮಳೆ ಹಿಡಿಯುವ ಮುಂಚೆ, ಅಂದರೆ ಮೇ ಕೊನೆ ಅಥವಾ ಜೂನ್ ಮೊದಲ ವಾರ. ಅಲ್ಲಿಂದ 40–45 ದಿನಕ್ಕೆ ಎರಡನೆಯದು. ಮಳೆ ಬಿಡದಿದ್ದರೆ ಮೂರನೆಯದೂ ಆಗಬೇಕು. ನಮ್ಮ ಕಡೆ ಹಸಿ ಅಡಿಕೆಯ ಕೊಯ್ಲು ಮಳೆಗಾಲದ ಕೊನೆಗೆ ಶುರುವಾಗಿ ಜನವರಿಯವರೆಗೂ ಎಳೆಯುತ್ತದೆ. ಘಟ್ಟದ ಕೆಳಗೆ ಹಣ್ಣಡಿಕೆ ಚಾಲಿಗೆ (ಸಿಪ್ಪೆ ಸಮೇತ ಒಣಗಿಸಿ ಸುಲಿಯುವ ಅಡಿಕೆಗೆ) ಹೋಗುವುದರಿಂದ ಅಲ್ಲಿ ಕೊಯ್ಲು ಬೇಸಿಗೆಯವರೆಗೂ ಇರುತ್ತದೆ. ಇಲ್ಲಿ ಮುಗಿಸಿ ಅಲ್ಲಿಗೆ ಇಳಿಯುವವರು ಇದ್ದಾರೆ. ಇಳಿಯದವರಿಗೆ ಫೆಬ್ರವರಿಯಿಂದ ಮೇವರೆಗೆ ಕೈ ಖಾಲಿ. ಜುಲೈಯಲ್ಲಿ ಮಳೆ ಹೊಡೆದರೆ ವಾರಗಟ್ಟಲೆ ಕೆಲಸವೇ ಇಲ್ಲ. ಆದ್ದರಿಂದ ಕೂಡಿಡಬೇಕಾದ ದುಡ್ಡು ಐದು ತಿಂಗಳ ಮನೆಖರ್ಚು. ಅದಕ್ಕೆ ಎರಡು ವರ್ಷ ಯಾಕೆ?

ಕೂಲಿ ಕೊನೆಗಿಷ್ಟು ಎಂಬ ಲೆಕ್ಕ, ಕ್ವಿಂಟಾಲ್ ಲೆಕ್ಕ, ದಿನದ ಲೆಕ್ಕ, ಔಷಧಿಗೆ ಬ್ಯಾರಲ್ ಲೆಕ್ಕ ಅಂತ ಊರಿಗೊಂದು ಥರ. ಮರಕ್ಕೆ ಕೈ ಹಾಕುವ ಮೊದಲೇ ಯಾವ ಲೆಕ್ಕ, ಊಟ–ಚಾ ಸೇರಿಯೋ ಬಿಟ್ಟೋ ಎಂದು ಬಾಯಿ ಬಿಟ್ಟು ಕೇಳಿ. ಸಂಕೋಚ ಪಟ್ಟರೆ ಸಂಜೆ ಜಗಳ.

ಕಲಿಯುವುದು ಕೆಳಗಿನಿಂದ. ಅನುಭವಸ್ಥ ಕೊನೆಗೌಡರೊಬ್ಬರ (ಮರ ಹತ್ತಿ ಕೊನೆ ಕೊಯ್ಯುವವರ) ಜೊತೆ ಮೊದಲು ನೇಣು, ಅಂದರೆ ಕೊನೆ ಇಳಿಸುವ ಹಗ್ಗ, ಹಿಡಿಯಿರಿ. ಮೇಲಿನಿಂದ ಕೊನೆ ಹಗ್ಗದ ಮೇಲೆ ಜಾರಿ ಬರುತ್ತದೆ. ಬುಡದಿಂದ ದೂರ ನಿಂತು ಓರೆಯಾಗಿ ಎಳೆದು ಹಿಡಿಯಬೇಕು. ಸಡಿಲ ಬಿಟ್ಟರೆ ಕೊನೆ ನೇರ ನೆಲಕ್ಕೆ ಬಡಿದು ಅಡಿಕೆಯೆಲ್ಲ ಉದುರಿ ಚೆಲ್ಲಾಪಿಲ್ಲಿ. ತೀರಾ ಬಿಗಿದರೆ ಮೇಲಿನವನ ಆಯ ತಪ್ಪುತ್ತದೆ. ಹಗ್ಗವನ್ನು ಅಂಗೈಗೆ ಸುತ್ತಿಕೊಳ್ಳಬೇಡಿ, ಬೆರಳು ಹೋಗುತ್ತದೆ. ಹದಿನೈದು ದಿನ ಇಷ್ಟು ಮಾಡಿದರೆ ಮರದ ಮೇಲಿನವನು ಯಾವಾಗ ಎಲ್ಲಿ ಕಾಲಿಡುತ್ತಾನೆ ಎಂಬುದು ಕಣ್ಣಿಗೆ ಕೂತಿರುತ್ತದೆ. ಹತ್ತಲು ಜನವರಿ–ಫೆಬ್ರವರಿ ಒಳ್ಳೆಯದು, ಕಾಂಡ ಒಣಗಿರುತ್ತದೆ. ಮೊದಲ ವಾರ ಹತ್ತಡಿ ದಾಟಬೇಡಿ, ಹತ್ತಿದ್ದಕ್ಕಿಂತ ಹೆಚ್ಚು ಇಳಿಯುವುದನ್ನು ಕಲಿಯಿರಿ.

ಸಂಬಳವಿಲ್ಲದ ರಜೆ ಹಾಕಿ ಒಂದು ಜೂನ್, ಒಂದು ನವೆಂಬರ್ ತೋಟದಲ್ಲಿ ಕಳೆಯಿರಿ. ರಾಜೀನಾಮೆ ಆಮೇಲೆ.

*ಮುಂದಿನ ಪತ್ರ ಸುಳ್ಯದಿಂದ. ಹೆಸರು ಬೇಡವೆಂದಿದ್ದಾರೆ. ಉದ್ದವಾಗಿದೆ. ಒಂದು ಸಾಲನ್ನೂ ಕತ್ತರಿಸಿಲ್ಲ.*

ಸುಳ್ಯದಿಂದ:

ಎರಡು ಸಲ ಬರೆದು ಹರಿದು ಹಾಕಿದೆ. ಇದು ಮೂರನೆಯದು. ನಮ್ಮ ಮನೆಯ ವಿಷಯ ಇಲ್ಲಿ ಬರೆಯುವುದಿಲ್ಲ. ಹಗ್ಗದ ವಿಷಯ ಬರೆಯುತ್ತೇನೆ, ಅಷ್ಟನ್ನು ಪೂರ್ತಿ ಓದಿ.

ಸೊಂಟದ ಬೆಲ್ಟ್ ಸಾಲದು. ಬರೀ ಸೊಂಟಕ್ಕೆ ಕಟ್ಟಿಕೊಂಡವನು ಜಾರಿದರೆ ಅಷ್ಟೂ ಭಾರ ಹೊಟ್ಟೆ, ಬೆನ್ನುಮೂಳೆಯ ಮೇಲೆ. ಇಲ್ಲವೆಂದರೆ ತಲೆಕೆಳಗಾಗಿ ಬೆಲ್ಟಿನಿಂದಲೇ ಜಾರುತ್ತಾನೆ. ತೊಡೆ, ಸೊಂಟ, ಭುಜ ಮೂರನ್ನೂ ಹಿಡಿಯುವ ಫುಲ್ ಬಾಡಿ ಹಾರ್ನೆಸ್ ಬೇಕು. ತೊಡೆಪಟ್ಟಿಯೊಳಗೆ ಅಂಗೈ ಚಪ್ಪಟೆಯಾಗಿ ತೂರಬೇಕು, ಮುಷ್ಟಿ ತೂರಬಾರದು. ಕೊಂಡಿ ತಿರುಪು ಹಾಕಿ ಲಾಕ್ ಮಾಡುವಂಥದ್ದಿರಲಿ.

ಅಡಿಕೆ ಮರಕ್ಕೆ ಕೊಂಬೆಯಿಲ್ಲ, ಅದೊಂದು ಉಪಕಾರ. ಬುಡದಲ್ಲೇ ಕಾಂಡ ಬಳಸಿ ಹಗ್ಗ ಹಾಕಿಕೊಂಡರೆ ತುದಿಯವರೆಗೆ ಬಿಚ್ಚುವ ಪ್ರಮೇಯವೇ ಇಲ್ಲ. ಆದರೆ ಹೆಚ್ಚಿನವರು ಹಗ್ಗ ಹೆಗಲಿಗೆ ಹಾಕಿಕೊಂಡು ಹತ್ತಿ, ಮೇಲೆ ಹೋದ ಮೇಲೆ ಕಟ್ಟಿಕೊಳ್ಳುತ್ತಾರೆ, ಇಳಿಯುವ ಮೊದಲು ಬಿಚ್ಚುತ್ತಾರೆ. ದಿನದ ಕೊನೆಯ ಮರ ಇಳಿಯುವಾಗ ತೊಡೆ ನಡುಗುತ್ತಿರುತ್ತದೆ. ಆ ಹೊತ್ತಿಗೆ ಹಗ್ಗ ಹೆಗಲ ಮೇಲಿರುತ್ತದೆ. ಇನ್ನೊಂದು: ಒಂದೇ ಸುತ್ತು ಸಡಿಲವಾಗಿ ಬಳಸಿದ ಹಗ್ಗ ನಿಮ್ಮನ್ನು ಹಿಡಿಯುವುದಿಲ್ಲ. ನುಣುಪು ಕಾಂಡದುದ್ದಕ್ಕೂ ನಿಮ್ಮ ಜೊತೆಗೇ ಜಾರುತ್ತದೆ. ಎರಡು ಸುತ್ತು ಹಾಕಿ, ಭಾರ ಬಿದ್ದ ಕೂಡಲೇ ಕಾಂಡಕ್ಕೆ ಬಿಗಿಯುವ ಹಾಗಿರಬೇಕು. ಎರಡಡಿ ಎತ್ತರದಲ್ಲಿ ಬೇಕೆಂದೇ ಕಾಲು ಬಿಟ್ಟು ನೋಡಿ.

ತೆಂಗಿನ ನಾರಿನ ಹಗ್ಗ ಹೊರಗೆ ಚೆನ್ನಾಗಿದ್ದು ಒಳಗೆ ಕೊಳೆತಿರುತ್ತದೆ. ಹುರಿ ಬಿಡಿಸಿ ಒಳಗೆ ನೋಡಿ, ಪುಡಿ ಉದುರಿದರೆ ದನ ಕಟ್ಟಲಿಕ್ಕೆ ಇಡಿ. ನೈಲಾನ್ ಹಗ್ಗಕ್ಕೆ ಬಿಸಿಲೇ ಶತ್ರು. ಔಷಧಿಗೆ ಬಳಸುವ ಮೈಲುತುತ್ತ (ತಾಮ್ರದ ಸಲ್ಫೇಟ್) ಬಿದ್ದ ಹಗ್ಗವನ್ನು ಅದೇ ದಿನ ಬರೀ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಒಮ್ಮೆ ಬಿದ್ದವನನ್ನು ತಡೆದ ಹಗ್ಗವನ್ನು ಮತ್ತೆ ಮರಕ್ಕೆ ಒಯ್ಯಬೇಡಿ.

ಹತ್ತುವ ಮೊದಲು ಮರದ ಸುತ್ತ ಒಂದು ಸುತ್ತು ಬನ್ನಿ. ನೈಋತ್ಯದ ಮಗ್ಗುಲು ನೋಡಿ. ಮಧ್ಯಾಹ್ನದ ಇಳಿಬಿಸಿಲು ಬಡಿದು ಅಲ್ಲಿ ಕಾಂಡ ಕಂದಿ, ಬಿರುಕು ಬಿಟ್ಟು, ಒಳಗೆ ಟೊಳ್ಳಾಗುತ್ತದೆ. ತೋಟದ ಅಂಚಿನ ಸಾಲಿನಲ್ಲಿ ಇಂಥವು ಹೆಚ್ಚು. ಕತ್ತಿಯ ಹಿಂಬದಿಯಿಂದ ತಟ್ಟಿ. ಗಟ್ಟಿ ಮರ ಕಿಣ್ ಅನ್ನುತ್ತದೆ, ಟೊಳ್ಳು ಮರ ಡಬ್ ಅನ್ನುತ್ತದೆ. ಸುಳಿ ಒಣಗಿದ್ದನ್ನು ಎಷ್ಟು ದುಡ್ಡು ಕೊಟ್ಟರೂ ಹತ್ತಬೇಡಿ. ಮರದಿಂದ ಮರಕ್ಕೆ ಬಾಗಿ ದಾಟುವುದು ಬೇಡ. ನೋಡಲು ಚಂದ, ಎರಡನೇ ಮರದ ಬುಡ ನೀವು ನೋಡಿರುವುದಿಲ್ಲ.

ಒಬ್ಬರೇ ತೋಟಕ್ಕೆ ಹೋಗಬೇಡಿ. ಹಾರ್ನೆಸ್‌ನಲ್ಲಿ ನೇತಾಡುವವನ ಪ್ರಾಣ ಉಳಿದಿದೆ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಕಾಲಿನಲ್ಲಿ ರಕ್ತ ನಿಂತು ಪ್ರಜ್ಞೆ ತಪ್ಪುತ್ತದೆ, ಕೆಲವೇ ನಿಮಿಷದಲ್ಲಿ ಕೆಳಗಿಳಿಸಬೇಕು. ಇಳಿಸಲು ಬರುವ ಇನ್ನೊಬ್ಬ, ಇನ್ನೊಂದು ಹಗ್ಗ ಹತ್ತಿರದಲ್ಲೇ ಇರಲಿ.

ಕೊನೆಯದು. ಬಿದ್ದವರನ್ನು ಕೈಕಾಲು ಹಿಡಿದು ಎತ್ತಬೇಡಿ. ಎಬ್ಬಿಸಿ ಕೂರಿಸಬೇಡಿ, ನೀರು ಕುಡಿಸಬೇಡಿ. ಜೀಪಿನ ಹಿಂದಿನ ಸೀಟಿನಲ್ಲಿ ಮಡಚಿ ಮಲಗಿಸಬೇಡಿ. 108ಕ್ಕೆ ಫೋನ್ ಮಾಡಿ, ತಲೆ–ಕುತ್ತಿಗೆ ಅಲುಗದ ಹಾಗೆ ಒಬ್ಬರು ಹಿಡಿದಿರಲಿ. ಸಾಗಿಸಲೇಬೇಕಾದರೆ ನಾಲ್ಕು ಜನ ಒಟ್ಟಿಗೆ ಹಲಗೆಯ ಮೇಲೆ ಹೊರಳಿಸಬೇಕು. ಆಳುದ್ದದ ಹಲಗೆಯೊಂದನ್ನು ತೋಟದಲ್ಲಿ ಮೊದಲೇ ಇಟ್ಟುಕೊಳ್ಳಿ. ಆ ಹೊತ್ತಿಗೆ ಹುಡುಕಿದರೆ ಸಿಗುವುದಿಲ್ಲ.

*ಮರ ಹತ್ತುವುದೇ ಬೇಡ ಎಂಬ ಪತ್ರಗಳು ಹನ್ನೊಂದು. ಅವನ್ನು ಬರೆದವರಲ್ಲಿ ಒಬ್ಬರೂ ಮರ ಹತ್ತುವವರಲ್ಲ. ನೆಲದಲ್ಲಿ ನಿಂತೇ ಮಾಡುವ ದಾರಿಯ ಬಗ್ಗೆ ಎರಡು ಪತ್ರ ಇಲ್ಲಿವೆ.*

ಪುತ್ತೂರಿನಿಂದ:

ಹತ್ತುವ ಕಾಲ ಹೋಯಿತು ಮಾರಾಯರೇ. ಕಾರ್ಬನ್ ಫೈಬರ್ ದೋಟಿ (ಉದ್ದ ಕೋಲು) ತೆಗೆದುಕೊಂಡರೆ ಕೆಳಗೆ ನಿಂತೇ ಕೊಯ್ಲೂ ಆಗುತ್ತದೆ, ಔಷಧಿಯೂ ಆಗುತ್ತದೆ. ಆದರೆ ಮೂರು ಎಚ್ಚರ. ಕಾರ್ಬನ್ ಫೈಬರಿನಲ್ಲಿ ಕರೆಂಟ್ ಹರಿಯುತ್ತದೆ. "ಫೈಬರ್ ತಾನೇ" ಎಂದು ತಂತಿಯ ಹತ್ತಿರ ಒಯ್ದರೆ ಅಲ್ಯೂಮಿನಿಯಂ ದೋಟಿಯಷ್ಟೇ ಅಪಾಯ. ಲೈನಿನ ಕೆಳಗಿನ ಸಾಲುಗಳನ್ನು ಬಿಟ್ಟುಬಿಡಿ, ಇಲ್ಲವೇ ಲೈನ್ ಆಫ್ ಮಾಡಿಸಿಯೇ ಮುಟ್ಟಿ. ಎರಡನೆಯದು, ಜೋಡಣೆಯ ಲಾಕಿಗೆ ಮರಳು ಸೇರಿದರೆ ದೋಟಿ ಎತ್ತಿ ಹಿಡಿದಾಗಲೇ ಮಡಚಿಕೊಂಡು ಇಳಿಯುತ್ತದೆ, ಹಾಗಾಗಿ ನೆಲಕ್ಕೆ ಊರಬೇಡಿ, ಸಂಜೆ ಬಟ್ಟೆಯಲ್ಲಿ ಒರೆಸಿ. ಮೂರನೆಯದು ಕುತ್ತಿಗೆ. ಇಡೀ ದಿನ ಆಕಾಶ ನೋಡುವ ಕೆಲಸ. ಇಬ್ಬರು ಸರದಿ ಮಾಡಿಕೊಳ್ಳಿ. ಕೊನೆ ಬೀಳುವ ಗೆರೆಯಲ್ಲಿ ಮಾತ್ರ ನಿಲ್ಲಬೇಡಿ.

ಕೊಪ್ಪದಿಂದ:

ಎಲ್ಲರೂ ಹತ್ತುವುದನ್ನೇ ಹೇಳುತ್ತಾರೆ, ದ್ರಾವಣ ಯಾರೂ ಹೇಳುವುದಿಲ್ಲ. ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ಕೊಳೆರೋಗ ಬಂದರೆ ಬೈಗುಳ ತಿನ್ನುವವನು ಔಷಧಿ ಹೊಡೆದವನೇ. ಅದನ್ನು ತಡೆಯುವ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಒಳ್ಳೆಯ ಸುಣ್ಣ, 100 ಲೀಟರ್ ನೀರು. 200 ಲೀಟರ್ ಡ್ರಮ್ಮಾದರೆ ಎಲ್ಲವೂ ಎರಡು ಪಟ್ಟು. ತುತ್ತವನ್ನು ಗೋಣಿಬಟ್ಟೆಯಲ್ಲಿ ಕಟ್ಟಿ ರಾತ್ರಿಯೇ 50 ಲೀಟರ್ ನೀರಿನಲ್ಲಿ ಇಳಿಬಿಡಿ, ತಳದಲ್ಲಿ ಹಾಕಿದರೆ ಕರಗುವುದು ನಿಧಾನ. ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಕದಡಿ ಬಟ್ಟೆಯಲ್ಲಿ ಸೋಸಿ. ಸೋಸದಿದ್ದರೆ ನಾಜಲ್ ಕಟ್ಟುತ್ತದೆ, ಅದೂ ಮರದ ತುದಿಯಲ್ಲಿದ್ದಾಗಲೇ. ತುತ್ತದ ನೀರನ್ನು ಸುಣ್ಣದ ನೀರಿಗೆ ಸಣ್ಣಗೆ ಹೊಯ್ಯುತ್ತ ಕಲಕಿ. ತಿರುಗಾಮುರುಗಾ ಮಾಡಿದರೆ ಕಣ ದಪ್ಪವಾಗಿ ತಳ ಕೂರುತ್ತದೆ, ಅಡಿಕೆ ಕೊನೆಯ ಮೇಲೆ ಅಂಟುವುದಿಲ್ಲ. ಕಬ್ಬಿಣದ ಪಾತ್ರೆ ಬೇಡ.

ಆಮೇಲೆ ಉಜ್ಜಿ ಹೊಳಪಾಗಿಸಿದ ಕತ್ತಿಯನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ತಾಮ್ರದ ಕೆಂಪು ಕೂತಿದ್ದರೆ ಹುಳಿ ಉಳಿದಿದೆ ಎಂದರ್ಥ, ಹೊಡೆದರೆ ಎಳೆಗಾಯಿ ಸುಡುತ್ತದೆ. ಕೆಂಪು ಕೂರದಾಗುವವರೆಗೆ ಸುಣ್ಣದ ನೀರು ಸೇರಿಸಿ. ಮಾಡಿದ್ದನ್ನು ಅದೇ ದಿನ ಖಾಲಿ ಮಾಡಿ, ನಾಳೆಗೆ ಇಟ್ಟದ್ದು ಕೆಲಸಕ್ಕೆ ಬಾರದು. ಹೊಡೆಯುವಾಗ ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಬಗ್ಗೆ ಬರೆದದ್ದು 1910ರಲ್ಲಿ. ಇಂದಿಗೂ ನೀಲಿ ಮದ್ದೇ ಗತಿ. ಈ ಹದ ಬಲ್ಲವನಿಗೆ ಮಳೆಗಾಲದಲ್ಲಿ ಮನೆಬಾಗಿಲಿಗೆ ಕರೆ ಬರುತ್ತದೆ.

ಮದ್ದೂರಿನಿಂದ:

ಅಡಿಕೆ ಯಾಕೆ, ತೆಂಗು ಹಿಡೀರಿ. 45 ದಿನಕ್ಕೊಮ್ಮೆ ಕೊಯ್ಲು, ಹಾಗಾಗಿ ವರ್ಷವಿಡೀ ಕೆಲಸ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಶುರುಮಾಡಿದ 'ತೆಂಗಿನ ಮರದ ಸ್ನೇಹಿತರು' ಆರು ದಿನದ ತರಬೇತಿ. ಯಂತ್ರದಲ್ಲಿ ಹತ್ತೋದರ ಜೊತೆ ಸುಳಿ ಶುಚಿ ಮಾಡೋದನ್ನೂ ಕಲಿಸ್ತಾರೆ. ಮಂಡಳಿಯ ಕೇರಾ ಸುರಕ್ಷಾ ವಿಮೆಯನ್ನೂ ಅಲ್ಲೇ ವಿಚಾರಿಸಿ. ಎಳನೀರು ಗೊನೆಯನ್ನ ಬೀಳಿಸಬೇಡಿ, ಹಗ್ಗದಲ್ಲಿ ಇಳಿಸಿ. ಬುರುಡೆ ಬಿರಿದರೆ ವ್ಯಾಪಾರಿ ಮುಟ್ಟಲ್ಲ. ಮೇಲೆ ಹೋದಾಗ ಸುಳಿ ಪಕ್ಕದ ಮೂರು ಗರಿ ಸಂದಿಗೆ ಒಂದೊಂದು ನುಸಿಗುಳಿಗೆ ಇಟ್ಟು ಮರಳು ಮುಚ್ಚಿ ಬನ್ನಿ. ಸುಳಿ ಕೊರೆಯೋ ಕುರುವಾಯಿ ದುಂಬಿ ಹತ್ತಿರ ಬರಲ್ಲ, ಆ ತೋಟದೋರು ಇನ್ನೊಬ್ಬರನ್ನ ಕರೆಯಲ್ಲ.

*ಪ್ರಶ್ನೆ ಶಿರಸಿಯದು, ಉತ್ತರ ಮದ್ದೂರಿನದು. ಆದರೂ ಖಾಲಿ ತಿಂಗಳುಗಳನ್ನು ತುಂಬಲು ಇದು ನೆರವಾದೀತು. ಈಗ ಕೆಲಸ ಕೊಡುವವರ ಮಾತು.*

ಸಾಗರದಿಂದ, ತೋಟದ ಯಜಮಾನ್ತಿ:

ತಾಯಿಯವರಿಗೆ ನನ್ನದೊಂದು ಮಾತು. ಅಮ್ಮಾ, ಹೆಣ್ಣು ಸಿಗುವುದಿಲ್ಲ ಎಂಬ ಹೆದರಿಕೆ ತೋಟ ಇದ್ದವರ ಮನೆಯಲ್ಲೂ ಇದೆ, ಅದಕ್ಕೂ ಕೊನೆ ಕೊಯ್ಯುವುದಕ್ಕೂ ಸಂಬಂಧವಿಲ್ಲ.

ಮಗನಿಗೆ: ನಮಗೆ ಬೇಕಾದದ್ದು ವೇಗವಲ್ಲ. ಬರುತ್ತೇನೆ ಎಂದ ದಿನ ಬರಬೇಕು. ಕೊನೆ ಬಲಿತು ಹಣ್ಣಾಗತೊಡಗಿದರೆ ರಾಶಿ ಎಂಬ ಒಳ್ಳೆಯ ದರ್ಜೆಯ ಅಡಿಕೆ ಆಗಬೇಕಾದ್ದು ಗೊರಬಲು ಎಂಬ ಕೆಳದರ್ಜೆಯದಾಗುತ್ತದೆ, ದರ ಇಳಿಯುತ್ತದೆ. ಎಂಟು ದಿನ ತಡ ಮಾಡಿದವರು ಕಳೆಯುವುದು ನಮ್ಮ ದುಡ್ಡು. ಕೆಳಗಿನಿಂದ ಎಲ್ಲ ಕೊನೆಯೂ ಒಂದೇ ಥರ ಕಾಣುತ್ತದೆ. ಮೇಲೆ ಹೋದವರು ಒಂದು ಕಾಯಿ ಕಚ್ಚಿ ಹದ ನೋಡಿ ಕೊಯ್ಯಬೇಕು, ಎಳೆಯದನ್ನು ಮುಂದಿನ ಕೊಯ್ಲಿಗೆ ಬಿಡಬೇಕು. ಕತ್ತಿ ಬೀಸುವಾಗ ಪಕ್ಕದ ಸಿಂಗಾರಕ್ಕೆ (ಅಡಿಕೆಯ ಹೂಗೊಂಚಲಿಗೆ) ತಾಗಿದರೆ ಬರುವ ವರ್ಷದ ಕೊನೆ ಹೋಯಿತು. ಇಷ್ಟು ಮಾಡುವ ಹುಡುಗನಿದ್ದರೆ ಪತ್ರಿಕೆಯವರು ಅವರ ಫೋನ್ ನಂಬರ್ ಕೊಡಬಹುದೇ?

*ನಂಬರ್ ಕೊಡುವ ರೂಢಿ ನಮ್ಮಲ್ಲಿಲ್ಲ. ಯಜಮಾನ್ತಿಯವರ ಪತ್ರವನ್ನು ಮಾತ್ರ ವಿಳಾಸ ಸಮೇತ ಶಿರಸಿಗೆ ಕಳಿಸಿದ್ದೇವೆ. ಅಂಚೆ ಕಾರ್ಡಿನಲ್ಲಿ ಬಂದ ಕೊನೆಯ ಪತ್ರ ಇದು.*

ಯಲ್ಲಾಪುರದಿಂದ:

ಹೆಲ್ಮೆಟ್ ಬಿಳಿಯದು ತಗೊಳ್ಳಿ. ಹಸಿರು ಬೇಡ. ಸೋಗೆಯ ನಡುವೆ ನೀವು ಎಲ್ಲಿದ್ದೀರಿ ಎಂದು ಕೆಳಗಿನವನಿಗೆ ಕಾಣಬೇಕು.