'ರೀಆಕ್ಟಿವೇಶನ್'ಗೆ ಏನನ್ನೋಣ? (ಬೋನ್ ಮ್ಯಾರೋ ಕಸಿ, ಸಿಎಂವಿ)

ಎಲ್ಲರಿಗೂ ನಮಸ್ಕಾರ,

ಬೋನ್ ಮ್ಯಾರೋ ಕಸಿ, ಅಂದ್ರೆ ಕಾಂಡಕೋಶ ಕಸಿ ಮಾಡಿಸಿಕೊಂಡವರ ಮನೆಯವರಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. 'ಸಿಎಂವಿ ರೀಆಕ್ಟಿವೇಶನ್' (ಸಿಎಂವಿ ಅಂದ್ರೆ ಸೈಟೋಮೆಗಾಲೊವೈರಸ್) ಅನ್ನುವ ಮಾತು ಅದರಲ್ಲಿ ಪುಟಪುಟಕ್ಕೂ ಬರುತ್ತದೆ. ಹಳೇ ಕರಡಿನಲ್ಲಿ ಯಾರೋ ಇದನ್ನು 'ಮರುಸೋಂಕು' ಮಾಡಿಟ್ಟಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಮರುಸೋಂಕು ಅಂದರೆ ಹೊರಗಿನಿಂದ ಮತ್ತೆ ತಗುಲಿತು ಅಂತ ಅಲ್ವಾ? ಆಗ ನೋಡಲು ಬಂದ ನೆಂಟರ ಮೇಲೆ ಸುಮ್ನೆ ಗುಮಾನಿ ಶುರುವಾಗುತ್ತದೆ.

ಇಲ್ಲಿ ಆಗುವುದೇ ಬೇರೆ. ಸೈಟೋಮೆಗಾಲೊವೈರಸ್ ಹರ್ಪಿಸ್ ಬಳಗದ್ದು. ನಮ್ಮ ದೇಶದಲ್ಲಿ ದೊಡ್ಡವರಾಗುವ ಹೊತ್ತಿಗೆ ಬಹುಪಾಲು ಜನರಿಗೆ ಅದು ತಗುಲಿ, ಗೊತ್ತೇ ಆಗದಂತೆ ಮೈಯಲ್ಲಿ ಮಲಗಿರುತ್ತದೆ. ಕಸಿಗೆ ಕೊಡುವ ಕೀಮೋ ಮತ್ತು ಆಮೇಲಿನ ಔಷಧಿಗಳಿಂದ ಕಾವಲು ಕಾಯುವ ಟಿ ಕೋಶಗಳು ಕುಸಿದಾಗ ಎದ್ದು ಕೂರುತ್ತದೆ. ಶ್ವಾಸಕೋಶ, ಕರುಳು ಎಲ್ಲಿಗೆ ಬೇಕಾದರೂ ಹೋಗಬಹುದು. ಅದಕ್ಕೇ ಮೊದಲ 100 ದಿನವಾದರೂ ಸಾಮಾನ್ಯವಾಗಿ ವಾರವಾರ ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ನೋಡುವ ಪಿಸಿಆರ್ ಪರೀಕ್ಷೆ ಮಾಡಿಸುತ್ತಾರೆ, ಜ್ವರ ಬರುವವರೆಗೂ ಕಾಯದೆ ವೈರಸ್ ಪ್ರಮಾಣ ಏರಿದ ಕೂಡಲೇ ಗ್ಯಾನ್‌ಸಿಕ್ಲೊವಿರ್ ಅನ್ನುವ ವೈರಸ್ ತಡೆಯುವ ಔಷಧಿ ಶುರು ಮಾಡುತ್ತಾರೆ, ಆದರೆ ಅದೇ ಔಷಧಿ ಆಗಷ್ಟೇ ಬೇರೂರುತ್ತಿರುವ ಹೊಸ ಮಜ್ಜೆಯ ಬಿಳಿ ರಕ್ತಕಣಗಳನ್ನೂ ಇಳಿಸಿಬಿಡುತ್ತದೆ. (2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಲೆಟರ್ಮೊವಿರ್‌ಗೆ ಈ ಕಾಟವಿಲ್ಲ. ಅದು ಮುಂಜಾಗ್ರತೆಗೆ ಕೊಡುವುದು.)

'ಮರುಕಳಿಕೆ' ಅನ್ನಬಹುದಿತ್ತು. ಆದರೆ ಅದೇ ವಾರ್ಡಿನಲ್ಲಿ ಲುಕೇಮಿಯಾ ವಾಪಸ್ ಬಂದರೂ 'ಮರುಕಳಿಸಿದೆ' ಅಂತಲೇ ಹೇಳುತ್ತಾರೆ. ಮನೆಯವರ ಎದೆ ಧಸಕ್ಕೆನ್ನುತ್ತದೆ. 'ಪುನಃಸಕ್ರಿಯಗೊಳ್ಳುವಿಕೆ' ಓದುವಷ್ಟರಲ್ಲಿ ಉಸಿರು ಕಟ್ಟುತ್ತದೆ, 'ಮರುಚಾಲನೆ' ಪಂಪ್‌ಸೆಟ್ಟಿಗೆ ಸರಿ. ಸದ್ಯಕ್ಕೆ ನಾನು 'ವೈರಸ್ ಮತ್ತೆ ತಲೆಯೆತ್ತಿದೆ' ಎಂದು ಬರೆಯುತ್ತಿದ್ದೇನೆ. ವಾಕ್ಯದಲ್ಲಿ ಚೆನ್ನಾಗಿಯೇ ಕೂರುತ್ತದೆ. ಕೋಷ್ಟಕದ ತಲೆಬರಹಕ್ಕೆ ಮಾತ್ರ ಒಂದು ನಾಮಪದ ಬೇಕು. ಸರ್ಪಸುತ್ತು ಆಗುವುದೂ ಹೀಗೆಯೇ, ಚಿಕ್ಕಂದಿನ ಸೀತಾಳೆ ಸಿಡುಬಿನ ವೈರಸ್ಸು ನರದ ಬೇರಿನಲ್ಲಿ ಅಡಗಿದ್ದು ಏಳುವುದು. ಕಸಿಯಾದವರಿಗೆ ವರ್ಷಗಟ್ಟಲೆ ಎಸೈಕ್ಲೊವಿರ್ ಮಾತ್ರೆ ಕೊಡುವುದು ಅದಕ್ಕೇ. ರೋಗಕ್ಕೆ ಹೆಸರಿದೆ, ಈ ಏಳುವಿಕೆಗೆ ನಿಮ್ಮ ಕಡೆ ಏನಾದರೂ ಮಾತು ಇದೆಯಾ?

ಇನ್ನೊಂದು, 'ಪಾಸಿಟಿವ್'. ಕೋವಿಡ್ ಆದಮೇಲೆ ಪಾಸಿಟಿವ್ ಅಂದರೆ ಈಗ ಸೋಂಕಿದೆ ಅಂತಲೇ ಎಲ್ಲರೂ ತಿಳಿಯುವುದು. ಕಸಿಗೆ ಮುಂಚಿನ ಸಿಎಂವಿ ಪರೀಕ್ಷೆಯಲ್ಲಿ ಅದಕ್ಕೆ ಹಿಂದೆಂದೋ ತಗುಲಿತ್ತು ಅಂತಷ್ಟೇ ಅರ್ಥ. ಅದರಲ್ಲೂ ರೋಗಿ ಪಾಸಿಟಿವ್, ದಾನಿ ನೆಗೆಟಿವ್ ಇದ್ದಾಗಲೇ ಅಪಾಯ ಜಾಸ್ತಿ, ಯಾಕಂದ್ರೆ ದಾನಿಯ ಕೋಶಗಳು ಆ ವೈರಸ್ಸಿನ ಮುಖವನ್ನೇ ನೋಡಿರುವುದಿಲ್ಲ. ಕಿಡ್ನಿ ಕಸಿಯಲ್ಲಿ ಇದು ಪೂರ್ತಿ ಉಲ್ಟಾ. ನಾನು 'ಹಳೇ ಸೋಂಕಿನ ಗುರುತು ಇದೆ / ಇಲ್ಲ' ಎಂದು ಹಾಕಿದ್ದೇನೆ. ಉದ್ದವಾಯಿತು, ಫಾರಂನ ಚೌಕದೊಳಗೆ ಹಿಡಿಸುತ್ತಿಲ್ಲ. ಎರಡು ಪದಕ್ಕೆ ಇಳಿಸಿಕೊಡುತ್ತೀರಾ?